ನಾಲ್ಕನೆಯ ಬೋಲ್ಟು

ಹುಬ್ಬಳ್ಳಿಯಿಂದ ಬಸ್ಸಿನಲ್ಲಿ ಬಂತು ಡೈನಮೋ ಬ್ರಾಕೆಟ್ಟು.
ಡಬ್ಬಿಯ ಮೇಲೆ ಬರೆದಿತ್ತು: ‘ಕಂಪನಿ ಮಾಲಿಗೆ ಸಮ.’
ಕಂಪನಿ ಮಾಲು ಸಾವಿರದ ಒಂಬೈನೂರು, ಇದು ನಾನೂರೈವತ್ತು.
ನನಗೂ ಲೆಕ್ಕ ಬರುತ್ತದೆ.

ಕೋಡಿಬಾಗದ ಗ್ಯಾರೇಜಿನಲ್ಲಿ ಇನಾಸ
ಲಾರಿಯಡಿ ಅಂಗಾತ ಮಲಗಿ ಹಿಡಿದು ನೋಡಿದ.
ಮೂರು ತೂತು ಕೂತವು.
ನಾಲ್ಕನೆಯದು ಒಂದು ಅಕ್ಕಿಕಾಳಿನಷ್ಟು ಆಚೆ.
‘ಇದನ್ನ ಮಾಡಿದವ ನಿನ್ನ ಲಾರಿ ನೋಡೇ ಇಲ್ಲ ಮಾರಾಯ,
ಯಾರೋ ಹೇಳಿದ್ದು ಕೇಳಿ ಮಾಡಿದಾನೆ.’

ದುಂಡು ಅರದಿಂದ ತಿಕ್ಕಿದ. ವಾಷರ್ ಇಟ್ಟ.
ಸುತ್ತಿಗೆಯಲ್ಲಿ ಎರಡು ಬಿಟ್ಟ,
ಕೊಂಕಣಿಯಲ್ಲಿ ಮೂರು.

ನನ್ನಪ್ಪ ದೋಣಿಗೆ ಹೊಸ ಹಲಗೆ ಜೋಡಿಸುವಾಗ
ಸಂದು ಉಳಿದರೂ ಹೆದರುತ್ತಿರಲಿಲ್ಲ.
ನೀರಿಗೆ ನೂಕಿ, ದಂಡೆಯಲ್ಲಿ ಕೂತು ಬೀಡಿ ಹಚ್ಚುತ್ತಿದ್ದ:
ಮರ ಕುಡಿದು ಉಬ್ಬಿ ತಾನೇ ಮುಚ್ಚಿಕೊಳ್ಳುತ್ತಿತ್ತು.
ಕಬ್ಬಿಣಕ್ಕೆ ಆ ಗುಣವಿಲ್ಲ.
ಸಮುದ್ರದಿಂದ ಅದು ಕಲಿತದ್ದು ತುಕ್ಕು ಮಾತ್ರ.

ಹಿಂದೆ ಐಸು ಕರಗಿ ತೊಟ್ಟಿಕ್ಕುತ್ತಿತ್ತು.
ಬಾಂಗಡೆಗಾಗಿ ಬೆಳಗಿನ ಮಾರ್ಕೆಟ್ಟು ಕಾಯುವುದಿಲ್ಲ.
‘ಮೂರರಲ್ಲೇ ಹೋಗು,’ ಅಂದ, ‘ಬಂದ ಮೇಲೆ ನೋಡುವ.’

ಅದು ಹೋದ ಚೌತಿಯ ಮಾತು.

ಈಗ ಅರಬೈಲ್ ಘಟ್ಟ ಹತ್ತುವಾಗ
ಎರಡನೇ ಗೇರಿಗೆ ಬೆಲ್ಟು ಕುಂಯ್ ಅನ್ನುತ್ತದೆ,
ದೊಡ್ಡ ತಿರುವಿನಲ್ಲಿ ಲೈಟು ಒಮ್ಮೆ ಕಣ್ಣು ಮಿಟುಕಿಸುತ್ತದೆ.
ಹೊಸ ಕ್ಲೀನರ್ ಗಾಬರಿ ಬೀಳುತ್ತಾನೆ. ನಾನಿಲ್ಲ.
ಕುಂಯ್ ಅನ್ನದ ದಿನ
ಗಾಡಿ ನಿಲ್ಲಿಸಿ, ಇಳಿದು ನೋಡುತ್ತೇನೆ.

ನಾಲ್ಕನೆಯ ಬೋಲ್ಟು ಡ್ಯಾಶ್‌ಬೋರ್ಡಿನ ಮೇಲಿದೆ,
ಸಾಂತೇರಿಯ ಪಟದ ಕೆಳಗೆ.
ತಿರುವಿಗೊಮ್ಮೆ ಆಚೆ ಉರುಳಿ
ಈಚೆ ಬರುತ್ತದೆ.