ಹೆಚ್ಚುವರಿ ಬಾಬ್ತು

ಮುಂಡರಗಿ ಬಸ್‌ಸ್ಟ್ಯಾಂಡ್ ಎದುರು ನನ್ನ ಝೆರಾಕ್ಸ್ ಅಂಗಡಿ.
ಉತಾರ, ಆಧಾರ, ಪರೀಕ್ಷಾ ಫೀ, ಮದುವಿ ಕಾರ್ಡು,
ಎಲ್ಲಾಕ್ಕೂ ಒಂದ ಮಷೀನು, ಒಂದ ಬಿಸಿ ಹಾಳಿ.

ಆ ವರ್ಷ ಚೈತ್ರದಾಗ ಮಳಿ ಬರಲಿಲ್ಲ, ಬರೇ ಸಿಡಿಲು ಬಂತು.
ಕಪ್ಪತಗುಡ್ಡ ಮೂರು ರಾತ್ರಿ ಉರೀತು.
ಮಾಳಿಗಿ ಮ್ಯಾಲ ಒಣಹಾಕಿದ ಸಂಡಗಿಗೆ
ಬಾದಿಹುಲ್ಲಿನ ಬೂದಿ ಬಂದು ಕುಂತಿತ್ತು.
ಬೆಳ್ಳಾಗ ತಿಕ್ಕಿ ಮೂಸಿದೆ:
ಸುಟ್ಟರೂ ನಿಂಬಿ ವಾಸನಿ.

ಮಿರಗಕ್ಕಿಂತ ಮೊದಲ ಟೆಂಡರ್ ಬಂತು.
ದಾವಲಸಾಬ ಗಡಾದ, ನಾಕನೇ ದರ್ಜೆ ಗುತ್ತಿಗೆದಾರ,
ಈತನಕ ಕಟ್ಟಿದ್ದು ಮೂರು ಗಟಾರ, ಒಂದು ಸಾಲಿ ಕಂಪೌಂಡು,
ಡಿಜಿಟಲ್ ಸಹಿಯ ಕೀಲಿ ತಾಯಿತದಂಗ
ಕೊಳ್ಳಾಗ ಕಟಗೊಂಡು ಬಂದ.
“ಅಕ್ಕಾರ, ಗುಡ್ಡಕ್ಕ ಹಚ್ಚೋದೈತ್ರಿ.”
ಬೆಂಚಿನ ಮ್ಯಾಲ ಕುಂತಿದ್ದ ಹುಡುಗುರು ನಕ್ಕವು.
ಏನು ಮಾಡೂದು, ನಮ್ಮ ಕಡೆ
ಬೆಂಕೀನೂ ಹಚ್ಚತಾರ, ಗಿಡಾನೂ ಹಚ್ಚತಾರ.

ತುಂಬಾಕ ಕುಂತೆ.
ವಿಕೋಪದ ನಮೂನೆ: ಪಟ್ಟಿಯೊಳಗ ನೆರೆ ಇತ್ತು,
ಭೂಕುಸಿತ ಇತ್ತು, ಚಂಡಮಾರುತ ಸುದ್ದಾ ಇತ್ತು
(ಸಮುದ್ರ ನೋಡದ ಗದಗ ಜಿಲ್ಲಾಕ್ಕ).
ಕಡೀಕ ‘ಇತರೆ’. ಅದನ್ನ ಒತ್ತಿದೆ.
ಗುಂಡಿ ಹನ್ನೆರಡು ಸಾವಿರ,
ಒಂದೂವರಿ ಅಡಿ ಉದ್ದ, ಅಷ್ಟ ಅಗಲ, ಅಷ್ಟ ಆಳ.
ಬೇವು, ಕಮರ, ಹೊಂಗಿ, ನೆಲ್ಲಿ.
ಮೂರನೇ ವರ್ಷಕ್ಕ ನೂರಕ್ಕ ಎಪ್ಪತ್ತು ಬದುಕಿರಬೇಕು,
ಇಲ್ಲಂದ್ರ ಠೇವಣಿ ಮುಟ್ಟುಗೋಲು.
ಕಲ್ಲಿನ್ಯಾಗ ಒಂದೂವರಿ ಅಡಿ ಹೆಂಗ ಇಳೀತೈತಿ ಅಂತ
ಕೇಳಾಕ ಕಾಲಂ ಇರಲಿಲ್ಲ.

ಹದಿನೇಳನೇ ಕಾಲಂ: ಇಂಥದೇ ಕೆಲಸದ ಅನುಭವ.
ದಾವಲಸಾಬ ಟೊಪಗಿ ತಗದು ತಲಿ ಕೆರಕೊಂಡ.
ಮರುದಿನ ಡೋಣಿ ತಾಂಡಾದಿಂದ
ಸೋಮಲವ್ವ ಲಮಾಣಿನ್ನ ಕರಕೊಂಡು ಬಂದ.
ಆಕಿ ಕೌಂಟರಿನ ಮ್ಯಾಲ ಸೆರಗಿನ ಗಂಟು ಬಿಚ್ಚಿದಳು:
ಕವಳಿ ಬೀಜ, ಬಂದರಿ ಬೀಜ,
ನನಗ ಹೆಸರು ಗೊತ್ತಿಲ್ಲದವು ಇನ್ನೆರಡು.
“ಕಟಿಗಿಗೆ ಹೋದಾಗೆಲ್ಲಾ ಒಗದು ಬರತೀನ್ರಿ.
ಹೊರಿ ತರೂದು, ಬೀಜ ಕೊಡೂದು.
ಮದಿವ್ಯಾಗಿ ಬಂದಾಗಿಂದ ಇದ ಲೆಕ್ಕ.”
ಪ್ರಮಾಣಪತ್ರ ಬೇಕವ್ವಾ, ಅಂದೆ.
ಆಕಿ ಹೊರಗ ನೋಡಿದಳು. ಬಸ್ಸಿನ ಹಿಂದ
ಗುಡ್ಡ ಕರ್ರಗ ಕುಂತಿತ್ತು.
“ಇತ್ರಿ,” ಅಂದಳು. “ಸುಟ್ಟುಹೋತಲ್ಲ.”

ಗಟಾರದ ಪ್ರಮಾಣಪತ್ರಾನ ಸ್ಕ್ಯಾನ್ ಮಾಡಿ ಏರಿಸಿದೆ.
ದರ: ನೂರಕ್ಕ ಹನ್ನೊಂದು ಕಮ್ಮಿ.
ಹುಬ್ಬಳ್ಳಿಯ ದೊಡ್ಡ ಕಂಪನಿ
ಎಲ್ಲೋ ಒಂದು ಸಹಿ ಮರತಿತ್ತಂತ,
ಕೆಲಸ ದಾವಲಸಾಬಗ ಬಂತು.
ಪೇಢೆ ಕೊಟ್ಟ. ಕೈ ನಡಗತಿತ್ತು.

ಮೂರು ವರ್ಷಕ್ಕ ಎಣಕಿ.
ಲೆಕ್ಕ ಬರಿಯಾಕ ನನ್ನನ್ನೂ ಕರದರು.
ಗುಡ್ಡ ಹತ್ತಿ ಎಷ್ಟು ವರ್ಷಾಗಿತ್ತೋ,
ಗಾಳಿ ಸೀರಿ ನಿರಗಿ ಬಿಚ್ಚಿ ಒಗಿಯೂಹಂಗ ಬೀಸತಿತ್ತು,
ಮ್ಯಾಲ ಗಾಳಿಗಿರಣಿ ರೆಕ್ಕಿ ತಿರುಗತಿದ್ದವು.
ಸುಣ್ಣದ ಗುರುತು ಹಾಕಿ ಹಾಕಿ ಸಂಜೀತನಕ ಎಣಸಿದರು.
ಬದುಕಿದ್ದು ಏಳು ಸಾವಿರದ ನಾಕನೂರ ಆರು.
ಬೇಕಾದದ್ದು ಎಂಟು ಸಾವಿರದ ನಾಕನೂರು.

ಆದರ ಗುಂಡಿ ಗುಂಡಿ ನಡುವ
ಕವಳಿ ಮಳ್ಳು ನನ್ನ ಕಾಲಿಗೆ ಚುಚ್ಚತಿದ್ದವು.
ಬಂದರಿ ಮೊಣಕಾಲುಮಟ ಎದ್ದಿತ್ತು.
ಕೆಲವು ಸುಟ್ಟ ಬುಡದಿಂದ, ಕೆಲವು
ಯಾರೋ ಒಗದ ಮುಷ್ಟಿಯಿಂದ,
ಸಾಲಿಲ್ಲ, ಅಂತರ ಇಲ್ಲ, ಗುರುತಿಲ್ಲ.
“ಸಾಹೇಬರ, ಇವನ್ನ ಹಿಡೀರಿ,” ಅಂದ ದಾವಲಸಾಬ.
ಸಾಹೇಬರು ಕೆಟ್ಟ ಮನಷ್ಯಾ ಅಲ್ಲ. ಕಡತ ತಿರುವಿ ನೋಡಿದರು.
“ಅಂದಾಜುಪಟ್ಟಿಯಾಗ ಇಲ್ಲಪಾ. ಹೆಚ್ಚುವರಿ ಬಾಬ್ತು.
ಮೊದಲ ಮಂಜೂರಾತಿ ತಗೋಬೇಕಿತ್ತು.”
“ಯಾರ ಕಡಿಂದರಿ?” ಅಂದಳು ಸೋಮಲವ್ವ.
ಆಕಿ ನಿಜವಾಗೂ ಕೇಳಿದ್ದಳು.
ಸಾಹೇಬರು ಪೆನ್ನಿನ ಟೊಪಗಿ ಹಾಕಿದರು.

ನಾ ಅಂಕಿ ತುಂಬಿದೆ. ಷರಾ: ಕೊರತೆ.
ಠೇವಣಿ ಹೋತು.

ವಾರ ಬಿಟ್ಟು ದಾವಲಸಾಬ ಅಂಗಡಿಗೆ ಬಂದ.
ಕೊಳ್ಳಾಗ ಕೀಲಿ ಹಂಗ ಇತ್ತು.
“ಗಟಾರದ್ದೇನರ ಬಂದೈತೇನ್ರಿ ಅಕ್ಕಾರ?”
ಲಕ್ಷ್ಮೇಶ್ವರದ್ದು ಒಂದಿತ್ತು. ಪ್ರಿಂಟ್ ಕೊಟ್ಟೆ.
ಚಿಲ್ಲರೆಗಂತ ಕಿಸೆ ತಡವಿದ.
ರೊಕ್ಕದ ಕೂಡ ಕೌಂಟರಿನ ಮ್ಯಾಲ ಬಿದ್ದವು
ನಾಕೈದು ಕವಳಿ ಬೀಜ.
ಒಂದೊಂದ ಆರಿಸಿ
ತಿರುಗಿ ಕಿಸೇದಾಗ ಹಾಕ್ಕೊಂಡ.