ಆಷಾಢದ ಕೆಮ್ಮು

ಬ್ಯಾಡಗ್ಯಾಗ ಕೆಮ್ಮಿಗೆ ಯಾರೂ ತಿರುಗಿ ನೋಡಂಗಿಲ್ಲ.
ಬಸ್ ಇಳಿದವರು ಮೊದಲು ಸೀನ್ತಾರ,
ಆಮ್ಯಾಲೆ ಅಡ್ರೆಸ್ ಕೇಳ್ತಾರ.
ಪ್ಯಾಟಿ ತುಂಬಿದ ದಿನ ಓಪಿಡಿ ಸಾಲಿನ್ಯಾಗ ಒಬ್ಬರು ಕೆಮ್ಮಿದರ
ನಾವೂ ಕೆಮ್ಮಿ ಉತ್ತರ ಕೊಡ್ತೀವಿ.

ಫಕ್ಕೀರವ್ವ ಹಲಗೇರಿ, ಐವತ್ನಾಕು.
ಮೆಣಸಿನಕಾಯಿ ತುಂಬು ಬಿಡಸೋ ಕೆಲಸ, ಇಪ್ಪತ್ತು ವರ್ಷ.
ಉಗುರಿನ ಸಂದ್ಯಾಗಿನ ಕೆಂಪು ತೊಳದರೂ ಹೋಗಂಗಿಲ್ಲ.
ಬಿಪಿ ಗುಳಿಗಿ ಒಯ್ಯಾಕ ತಿಂಗಳಿಗೊಮ್ಮೆ ಬರ್ತಾಳ,
ಬಂದಾಗೊಮ್ಮೆ ಕೆಮ್ತಾಳ.
ಘಾಟು, ಅಂತ ಬರದರು ಡಾಕ್ಟರು.
ಘಾಟು, ಅಂದಳು ಅಕೀನೂ.
ನಾ ಸಿರಪ್ಪಿನ ಬಾಟ್ಲಿ ಕೊಟ್ಟೆ, ಮೂರು ಸಲ,
ಮೂರೂ ಸಲ ಮುಖ ನೋಡದ.

ಆಷಾಢದಾಗ ಬಂದಳು.
ಪ್ಯಾಟಿ ಖಾಲಿ. ಚೀಲ ಎಲ್ಲಾ ಕೋಲ್ಡ್ ಸ್ಟೋರೇಜಿನ್ಯಾಗ.
ಜಿಟಿಜಿಟಿ ಮಳಿ ಊರಿನ ಗಾಳಿ ತೊಳದಿಟ್ಟಿತ್ತು,
ಗದಗಿನಿಂದ ಹೊಸದಾಗಿ ಬಂದ ಹುಡುಗಿ ಸೈತ ಸೀನಿದ್ದಿಲ್ಲ.
ಫಕ್ಕೀರವ್ವ ಕೆಮ್ಮಿದಳು.

ಒಣ ಕೆಮ್ಮು. ಕಫ ಇಲ್ಲ, ಜ್ವರ ಇಲ್ಲ.
ಗಂಟಲಾಗ ಇರಿವಿ ಹರದಂಗ ಆಕ್ಕೈತ್ರಿ,
ರಾತ್ರಿ ಮಲಗಿದರ ಹೆಚ್ಚು,
ಮೊಮ್ಮಗಳು ಹಾಸಿಗಿ ಎಳಕೊಂಡು ಪಡಸಾಲಿಗೆ ಹೋಗ್ಯಾಳ.

ಯಾವಾಗಿಂದ?
ಫಾರ್ಮ್ ಕೇಳೂದೂ ಇದನ್ನ: ಶುರುವಾದ ದಿನಾಂಕ.
ಅಕಿ ಕ್ಯಾಲೆಂಡರ್ ಬ್ಯಾರೆ.
"ಗುಳಿಗಿ ಬಣ್ಣ ಬದಲಾತಲ್ರಿ, ಬಿಳೇದು ಹೋಗಿ ನಸುಗೆಂಪು,
ಅದರ ಮುಂದಿನ ಅಮಾಸಿ ಹೊತ್ತಿಗೆ."
ಇಷ್ಟು ದಿನ ಯಾಕ ಹೇಳಲಿಲ್ಲವಾ?
"ನೀವು ಕೇಳಲಿಲ್ಲಲ್ರಿ.
ಔಷಧ ಕೊಟ್ಟವರ ಮುಂದ
ಔಷಧದ ಚಾಡಿ ಹೆಂಗ ಹೇಳೂದು?"

ಸೆರಗಿನ ಗಂಟು ಬಿಚ್ಚಿ ಸ್ಟ್ರಿಪ್ ಕೊಟ್ಟಳು.
ಎನಾಲಾಪ್ರಿಲ್.
ಬ್ಯಾಚ್ ನಂಬರ್ ಇದ್ದ ಮೂಲಿ ಹರದು ಹೋಗಿತ್ತು,
ಮಕಾನದಾರ ಕಪಾಟಿನ ತಳ ಬಗದು ಅದ ಡಬ್ಬಿ ಹುಡುಕಿ ತಂದ.

ಡಾಕ್ಟರು ಒಂದ ಮಾತಿಗೆ ಗುಳಿಗಿ ಬದಲಿ ಮಾಡಿದರು.
ಒಳ್ಳೇ ಮನುಷ್ಯ. ಫಾರ್ಮ್ ಅಂದಕೂಡಲೆ ನಕ್ಕರು:
"ಸಿಸ್ಟರ್, ಇದು ಎಲ್ಲಾ ಪುಸ್ತಕದಾಗ ಐತಿ,
ಗೊತ್ತಿದ್ದದ್ದನ್ನ ಏನ್ ಬರೀತೀರಿ?"
ಗೊತ್ತಿದ್ದರ ಸರ, ಆ ಮೂರು ಬಾಟ್ಲಿ?
ಅನ್ನಲಿಲ್ಲ. ಪೆನ್ ಹುಡುಕಿದೆ.

ಇನ್ನೊಂದು ಐತಿ, ಬರೀದ ಉಳದದ್ದು.
ಹಾನಗಲ್ಲಿನ್ಯಾಗ, ಹನ್ನೆರಡು ವರ್ಷದ ಹಿಂದ.
ಫಿಟ್ಸಿನ ಗುಳಿಗಿ ಸುರು ಮಾಡಿದ ಮೂರನೇ ವಾರ
ಒಬ್ಬ ಹುಡುಗನ ತುಟಿ ಒಡದು
ಕಾದ ಹಾಲಿನ ಕೆನಿಯಂಗ ತೊಗಲು ಬಿಟ್ಟುಬಂತು.
ಅಮ್ಮ ಬಂದಾಳ ಅಂತ ಮನ್ಯಾಗ ಬೇವು ಕಟ್ಟಿದ್ದರು.
ರಾತ್ರೋರಾತ್ರಿ ಹುಬ್ಬಳ್ಳಿಗೆ ಕಳಿಸಿದಿವಿ.
ಉಳಕೊಂಡ ಅಂತ ಕೇಳೀನಿ,
ಕಣ್ಣಿನ ವಿಷಯ ಯಾರೂ ಹೇಳಲಿಲ್ಲ.
ಫಾರ್ಮ್ ಆಗೂ ಇತ್ತು, ಡ್ರಾವರಿನ್ಯಾಗ.
"ನಿನ್ನ ಹೆಸರು ಹಾಕಬೇಕಾಕ್ಕೈತಿ ನೋಡವಾ,
ನಾಳೆ ಎನ್ಕ್ವೈರಿ ಬಂದರ?" ಅಂದರು ದೊಡ್ಡ ಸಿಸ್ಟರು.
ತಿಳಿಸಿದ್ದು ತಪ್ಪೊಪ್ಪಿಗಿ ಅಲ್ಲ ಅಂತ
ಅದರಾಗ ಸಣ್ಣಕ್ಷರದಾಗ ಬರದಿರ್ತದ.
ಅಂಜಿಕಿ ಹೊತ್ತಿನ್ಯಾಗ ಸಣ್ಣಕ್ಷರ ಕಾಣಂಗಿಲ್ಲ.
ನಾ ಡ್ರಾವರ್ ಮುಚ್ಚಿದೆ.

ಈ ಸಲ ತಲಿಮ್ಯಾಲಿನ ಶಬ್ದ ಓದಿದೆ: ಶಂಕಿತ.
ಸಂಶಯ ಮನಿ ಕೆಡಸ್ತದ ಅನ್ನಾಕಿ ನಮ್ಮವ್ವ.
ಇಲ್ಲಿ ಅದಷ್ಟ ಸಾಕಂತ. ಖಾತ್ರಿ ಬ್ಯಾಡಂತ.
ಸಂಜಿ ಆರರ ತನಕ ಬರದೆ,
ಎಲ್ಲಿ ತಡದೆನೋ ಅಲ್ಲೆಲ್ಲಾ ಶಾಯಿ ಚುಕ್ಕಿ.

ನಾಕು ವಾರಕ್ಕ ಬಂದಳು.
ಸಾಲಿನ್ಯಾಗ ಸುಮ್ಮನ ನಿಂತಿದ್ದಳು, ನನಗ ಗುರುತ ಹತ್ತಲಿಲ್ಲ.
"ಏನ್ ಬರದ್ರಿ ನನ್ನ ಮ್ಯಾಲೆ?"
ಹೆಸರಿಲ್ಲವಾ. ಫ, ಹ. ವಯಸ್ಸು. ತೂಕ ನಲವತ್ತೊಂದು.
ಅಕಿ ನಕ್ಕಳು:
"ಪ್ಯಾಟ್ಯಾಗ ಚೀಲದ ಮ್ಯಾಲೂ ಹಿಂಗ ಬರೀತಾರ್ರಿ,
ಎರಡಕ್ಷರ, ತೂಕ.
ಅದರಾಗ ಎಲ್ಲಿಗೆ ಹೋಗಬೇಕೋ ಅಲ್ಲಿಗೆ ಹೋಗತೈತಿ."

ಸೆರಗಿನಿಂದ ಒಂದು ಹಿಡಿ ಹಳೇ ಮೆಣಸಿನಕಾಯಿ ತಗದು
ರಿಜಿಸ್ಟರಿನ ಮ್ಯಾಲಿಟ್ಟಳು.
ನಾ ಸೀನಿದೆ.
"ಹಾಂ," ಅಂದಳು, "ಇದು ಘಾಟು."