ಎಸೆತದ ಲೆಕ್ಕ

ಮಸ್ಕಟೀನ್ ಊರಿನ ಹೊಳೆದಂಡೆಗೆ ಹೋದರೆ
ಇಂದಿಗೂ ಸಿಗುತ್ತವೆ ದುಂಡಗೆ ತೂತುಬಿದ್ದ ಚಿಪ್ಪು,
ಅಂಗಿಗೆ ಗುಂಡಿ ಕೊರೆದುಕೊಂಡು
ಉಳಿದದ್ದನ್ನು ಎಸೆದ ಕಾಲದವು.
ನಮ್ಮಜ್ಜಿ ಕಾರ್ಖಾನೆಯಲ್ಲಿ ಗುಂಡಿ ಎಣಿಸುತ್ತಿದ್ದಳು, ಗ್ರೋಸಿನ ಲೆಕ್ಕ.
ನಾನು ಎಣಿಸಿದ್ದು ಚೆಂಡು.

ಇಪ್ಪತ್ತೊಂಬತ್ತು ವಸಂತ, ಬಲೆಯ ಹಿಂದೆ
ಮಡಚುಕುರ್ಚಿ, ಮಂಡಿಗೆ ಕಂಬಳಿ, ಎರಡು ಪೆನ್ಸಿಲ್ಲು
(ಮಾರ್ಚಿನ ಚಳಿಗೆ ಪೆನ್ನು ಬರೆಯುವುದಿಲ್ಲ).
ಕಾಲೇಜು ಕೊಟ್ಟ ಸಂಬಳ ಒಂದು ಟೋಪಿ,
ಮತ್ತೆ ಆರ್ಲೊ ಟೀಮನ್ನನ ಬೈಗುಳ
ಎಲ್ಲರಿಗಿಂತ ಮೊದಲು ಕೇಳಿಸುವ ಜಾಗ.

ಕೋಚ್ ಅಂದರೆ ನೀವು ಏನಂದುಕೊಂಡಿದ್ದೀರೋ.
ಇವನು ಬೆಳಗಿನ ಐದಕ್ಕೆ ಹಲ್ಲುಕುಂಟೆ ಹಿಡಿದು ಮಣ್ಣು ಸವರುವವನು,
ಮಳೆನೀರು ನಿಂತಲ್ಲಿ ಬೆಕ್ಕಿನ ಮರಳು ಸುರಿಯುವವನು,
ವ್ಯಾನು ಓಡಿಸುವವನು, ಅದರೊಳಗಿನ ವಾಂತಿ ತೊಳೆಯುವವನು.
ಚಳಿಗಾಲವಿಡೀ ಯಾರಯಾರದೋ ಅಡುಗೆಮನೆಯಲ್ಲಿ ಕೂತು
ಒಣಕಲು ಕೇಕು ನುಂಗಿ
“ನಿಮ್ಮ ಹುಡುಗನ್ನ ನನಗೆ ಕೊಡಿ” ಅನ್ನುವವನು,
ಹೆಣ್ಣು ಕೇಳಲು ಬಂದವನ ಹಾಗೆ
ಟೋಪಿ ತೊಡೆಯ ಮೇಲಿಟ್ಟು.

ಗೆದ್ದದ್ದು ಐನೂರ ಎಂಬತ್ತನಾಲ್ಕು.
ಸೋತದ್ದು ಅದಕ್ಕಿಂತ ಹದಿನೇಳು ಹೆಚ್ಚು.
ಅದನ್ನು ಫಲಕದಲ್ಲಿ ಕೆತ್ತಿಸಲಿಲ್ಲ.

ನನ್ನ ಪುಸ್ತಕದಲ್ಲಿ ಎಲ್ಲಕ್ಕೂ ಗುರುತುಂಟು.
ಬ್ಯಾಟು ಬೀಸಿ ಔಟಾದರೆ ನೆಟ್ಟಗಿನ ‘ಕೆ’,
ಹೆಗಲ ಮೇಲಿಟ್ಟುಕೊಂಡೇ ನೋಡುತ್ತ ನಿಂತವನಿಗೆ
ಬೆನ್ನು ತಿರುಗಿಸಿದ ‘ಕೆ’.
ಇನ್ನೊಬ್ಬನನ್ನು ಮುಂದೆ ದಾಟಿಸಿ ತಾನು ಔಟಾದರೆ
ಅದರ ಹೆಸರು ತ್ಯಾಗ. ಅವನ ಖಾತೆಗೆ ಕೆಟ್ಟದ್ದಲ್ಲ.
ತಪ್ಪಿಗೂ ಒಂದು ಖಾನೆ, ಊರಿಗೆಲ್ಲ ಕಾಣುವಂತೆ
ಬೋರ್ಡಿನ ಮೇಲೆ, ದೀಪದಲ್ಲಿ.
ಕೋಚಿನ ತಪ್ಪಿಗೆ ಖಾನೆ ಇಲ್ಲ.
ಲೆಕ್ಕ ಬರೆಯುವವಳ ತಪ್ಪಿಗೂ.

ತೊಂಬತ್ತಮೂರರ ಮೇ. ಆ ವರ್ಷ ಹೊಳೆ ಏರುತ್ತಿತ್ತು,
ಆಚೆ ಬೇಲಿಯ ಬುಡಕ್ಕೆ ಬಂದು ಆಟ ನೋಡುತ್ತಿತ್ತು.
ದಿಬ್ಬದ ಮೇಲೆ ಡ್ವೇಯ್ನ್ ಲಟ್ರೆಲ್,
ಹಂದಿ ಸಾಕುವವರ ಮನೆಯ ಹುಡುಗ, ಹತ್ತೊಂಬತ್ತು.
ಕೈಯಲ್ಲಿ ಮಿಂಚಿತ್ತು, ಬಾಯಲ್ಲಿ ಮಾತಿರಲಿಲ್ಲ.

ಬಲೆಯ ಸಂದಿಯಿಂದ ಹೇಳಿದೆ: ನೂರು.
ಮತ್ತೆ ಹೇಳಿದೆ: ನೂರಿಪ್ಪತ್ತು.
ಆರ್ಲೊ ತಿರುಗದೆ ಸೂರ್ಯಕಾಂತಿಯ ಸಿಪ್ಪೆ ಉಗುಳಿದ.
ಒಮ್ಮೆ ದಿಬ್ಬದ ತನಕ ನಡೆದುಹೋದ. ಏನು ಕೇಳಿದನೋ,
ಹುಡುಗ ತಲೆಯಾಡಿಸಿದ.
ಹತ್ತೊಂಬತ್ತಕ್ಕೆ ಯಾರು ತಾನೆ ಸಾಕು ಅಂದಾರು?
ನೂರ ನಲವತ್ತಾದಾಗ ನಾನು ಹೇಳಲಿಲ್ಲ.
ಗೆಲ್ಲುತ್ತಿದ್ದೆವು. ನನಗೂ ಗೆಲ್ಲಬೇಕಿತ್ತು.

ನೂರ ಐವತ್ತೆರಡು.

ಮುಂದಿನ ವಾರ ಅವನ ಕೈಯೇ ಅವನಿಗೆ ಕೈಕೊಟ್ಟಿತು.
ಕೊರಳ ಗುಂಡಿ ಹಾಕಲೂ ಬಲಗೈ ಏರಲಿಲ್ಲ.

ಮೊನ್ನೆ ಆರ್ಲೊಗೆ ನಿವೃತ್ತಿಯ ಊಟ. ಕೋಳಿ, ಕಾಗದದ ತಟ್ಟೆ.
ಡೀನ್ ಅವನ ಹೆಸರನ್ನೇ ತಪ್ಪಾಗಿ ಓದಿದರು.
ಹೊಳೆಯುವ ಫಲಕವನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು
ನನ್ನ ಮೇಜಿಗೆ ಬಂದು ಕೇಳಿದ,
“ವಿಲ್ಮಾ, ತೊಂಬತ್ತಮೂರರ ಪುಸ್ತಕ ಇದೆಯಾ?”
ಕಾರಿನಲ್ಲಿತ್ತು. ಎಂದಾದರೂ ಕೇಳುತ್ತಾನೆಂದು
ಹತ್ತು ವರ್ಷದಿಂದ ಕಾರಿನಲ್ಲೇ ಇತ್ತು.

ಬೀದಿದೀಪದಡಿ ಬೆರಳಿಟ್ಟು ಎಣಿಸಿದ,
ಐದೈದು ಗೀಟಿನ ಕಟ್ಟು, ಒಂದೊಂದೇ.
ನೂರ ಹದಿನೆಂಟಕ್ಕೆ ಬೆರಳು ನಿಂತಿತು.
“ಇಲ್ಲಿ. ಇಲ್ಲಿ ಅವನ ಮೊಣಕೈ ಇಳಿಯಿತು. ನೋಡಿದ್ದೆ.”
ನನ್ನ ನೂರ ನಲವತ್ತರ ಮಾತು ನಾಲಿಗೆಯ ತುದಿಗೆ ಬಂತು.
ಅಷ್ಟರಲ್ಲಿ ಅವನು ಪುಸ್ತಕ ಮುಚ್ಚಿ ಕೊಟ್ಟ.
ಫಲಕವನ್ನು ನನ್ನ ಕಾರಿನ ತಲೆಯ ಮೇಲೆ ಮರೆತು ಹೋದ.

ಡ್ವೇಯ್ನ್ ಈಗ ಗ್ಯಾಸಿನ ಲಾರಿ ಓಡಿಸುತ್ತಾನೆ.
ತಿಂಗಳಿಗೊಮ್ಮೆ ಬರುತ್ತಾನೆ, ಎಡಗೈಯಲ್ಲಿ ಕೊಳವೆ ಎಳೆಯುತ್ತ.
ಆ ಪಂದ್ಯದ ಸುದ್ದಿ ಎತ್ತುವವನೂ ಅವನೇ:
“ಗೆದ್ದೆವಲ್ಲ! ಎಷ್ಟು ಎಸೆದಿದ್ದೆ, ಇನ್ನೊಮ್ಮೆ ಹೇಳು?”
ಹೇಳುತ್ತೇನೆ.
ಉದ್ದಕ್ಕೊಂದು ಸಿಳ್ಳೆ ಹಾಕಿ
ರಸೀದಿ ಬರೆದು ಕೊಡುತ್ತಾನೆ, ಎಡಗೈಯಲ್ಲಿ,
ಕಾಗೆಕಾಲು ಗುಬ್ಬಿಕಾಲು.